ರಜೆಯಲ್ಲಿ ಮೂರೂವರೆ ವರ್ಷದ ಮಗಳ ಜೊತೆ ಕ್ರಾಫ್ಟ್, ಬೇಕಿಂಗ್: ಅವಳ ಕೈಯಲ್ಲೇ ಆಗುವಂಥದ್ದು ಏನಿದೆ?

ಪುಟಾಣಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ರಜೆ ಶುರುವಾಗುತ್ತಿದೆ. ಮನೆಯಲ್ಲಿ ತೂಗುಹಾಕುವ ಅಲಂಕಾರ, ಹತ್ತಿರದವರಿಗೆ ಕೊಡುವ ಸಣ್ಣಪುಟ್ಟ ಉಡುಗೊರೆ, ಒಂದಿಷ್ಟು ಕುಕೀಸ್, ಇವನ್ನೆಲ್ಲ ಈ ಸಲ ಮಗಳ ಜೊತೆ ಸೇರಿ ಮಾಡಬೇಕು ಅಂತ ಆಸೆ. ವಿಡಿಯೊಗಳಲ್ಲಿ ನೋಡಿದರೆ ಎಲ್ಲವೂ ಚೆಂದ ಇರುತ್ತದೆ, ಆದರೆ ಕತ್ತರಿಸುವುದು, ಅಂಟಿಸುವುದು, ಬಣ್ಣ ಹಚ್ಚುವುದು ಎಲ್ಲವೂ ದೊಡ್ಡವರದ್ದೇ ಕೆಲಸ, ಮಗು ಸುಮ್ನೆ ಪಕ್ಕದಲ್ಲಿ ನಿಂತಿರುತ್ತದೆ. ಅದು ನನಗೆ ಬೇಡ. ಅವಳೇ ಮಾಡಿದ್ದು ಅಂತ ಅವಳಿಗೆ ಅನಿಸಬೇಕು. ಓವನ್ ಇದೆ. ಒಂದೇ ಕಡೆ ಜಾಸ್ತಿ ಹೊತ್ತು ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಈಗಲೂ ಬಾಯಿಗೆ ಹಾಕುತ್ತಾಳೆ. ಮನೆಯಲ್ಲಿ ಒಂದು ನಾಯಿಯೂ ಇದೆ. ಏನು ಮಾಡಿಸಬಹುದು ಹೇಳಿ.

ಅವಳಿಗಳ ಅಪ್ಪ:
ಉಪ್ಪಿನ ಹಿಟ್ಟಿನಿಂದ ಶುರು ಮಾಡಿ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಮುಕ್ಕಾಲರಿಂದ ಒಂದು ಕಪ್ ನೀರು, ಅಷ್ಟೇ. ಬೇಕಿಂಗ್ ಪೌಡರ್ ಬೆರೆಸಿದ ಹಿಟ್ಟು ಮಾತ್ರ ಬೇಡ, ಓವನ್‌ನಲ್ಲಿ ಉಬ್ಬಿ ಆಕಾರ ಕೆಡುತ್ತದೆ. ಅಳತೆ ಮಾಡುವುದನ್ನೂ ಮಗಳಿಗೇ ಬಿಡಿ. ಈ ಹಿಟ್ಟು ಹೆಚ್ಚುಕಮ್ಮಿ ಆದರೂ ಏನೂ ಆಗುವುದಿಲ್ಲ, ಅಂಟಿದರೆ ಒಂದು ಹಿಡಿ ಮೈದಾ, ಬಿರಿದರೆ ಒಂದು ಚಮಚ ನೀರು. ನಾದುವುದು ಮಕ್ಕಳಿಗೆ ಬಲು ಇಷ್ಟ, ಅದರಲ್ಲೇ ಕಾಲು ಗಂಟೆ ಹೋಗುತ್ತದೆ.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕಟರ್‌ನಿಂದಲೋ ಲೋಟದ ಬಾಯಿಂದಲೋ ಆಕಾರ ಒತ್ತಿಸಿ. ಕಟರ್ ಇಲ್ಲದಿದ್ದರೂ ಚಿಂತೆ ಇಲ್ಲ, ನರಗಳು ಎದ್ದು ಕಾಣುವ ಎಲೆಯನ್ನು ಹಿಟ್ಟಿನ ಮೇಲಿಟ್ಟು ಲಟ್ಟಣಿಗೆ ಉರುಳಿಸಿ ತೆಗೆದರೆ ಅಚ್ಚು ಎಷ್ಟು ಚೆನ್ನಾಗಿ ಮೂಡುತ್ತದೆ ಅಂದರೆ ಯಾರು ಮಾಡಿದರೂ ಅದು ಚೆಂದವೇ. ಅವಳ ಅಂಗೈ ಅಚ್ಚು ಒಂದನ್ನು ಖಂಡಿತ ಮಾಡಿಸಿ, ಬೇಯಿಸುವ ಮೊದಲೇ ಹಿಂಬದಿಗೆ ಟೂತ್‌ಪಿಕ್‌ನಿಂದ ವರ್ಷ ಬರೆದಿಡಿ. ದಾರ ಪೋಣಿಸುವ ತೂತನ್ನೂ ಆಗಲೇ ಸ್ಟ್ರಾದಿಂದ ಚುಚ್ಚಬೇಕು. ಒಣಗಿದ ಮೇಲೆ ಚುಚ್ಚಲು ಹೋದರೆ ಒಡೆಯುತ್ತದೆ.

ಓವನ್ 100ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡು ಮೂರು ಗಂಟೆ, ಮಧ್ಯದಲ್ಲಿ ಒಮ್ಮೆ ಮಗುಚಿ. ಅವಸರಕ್ಕೆ ಶಾಖ ಹೆಚ್ಚಿಸಬೇಡಿ, ಗುಳ್ಳೆ ಏಳುತ್ತದೆ. ಪೂರ್ತಿ ಆರಿದ ಮೇಲೆ, ಅಂದರೆ ಮರುದಿನ, ಬಣ್ಣ. ಉಪ್ಪು ಗಾಳಿಯ ತೇವ ಹೀರುವುದರಿಂದ ಎರಡೂ ಬದಿಗೆ ವಾರ್ನಿಷ್ ಹಚ್ಚಿಟ್ಟರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ. ವಾರ್ನಿಷ್ ಮಾತ್ರ ನಿಮ್ಮ ಕೆಲಸ.

ಮನೆ ಬೇಕರ್:
ಕುಕೀಸ್ ಬಗ್ಗೆ ನಾನು ಹೇಳುತ್ತೇನೆ. ನೆನಪಿಡಲು ಸುಲಭದ ಲೆಕ್ಕ ಒಂದು, ಎರಡು, ಮೂರು. 100 ಗ್ರಾಂ ಸಕ್ಕರೆ ಪುಡಿ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು. ಮೊಟ್ಟೆಯೂ ಬೇಡ, ಬೇಕಿಂಗ್ ಪೌಡರೂ ಬೇಡ. ಉಬ್ಬಿಸುವಂಥದ್ದು ಏನೂ ಇಲ್ಲದ ಕಾರಣ ಮಗು ಒತ್ತಿದ ನಕ್ಷತ್ರ ನಕ್ಷತ್ರವಾಗಿಯೇ ಹೊರಗೆ ಬರುತ್ತದೆ, ಇದು ಅವರಿಗೆ ದೊಡ್ಡ ವಿಷಯ.

ಆದರೆ ಇಲ್ಲಿ ಅಳತೆಯನ್ನು ಮೊದಲೇ ನೀವು ಮಾಡಿ ಬಟ್ಟಲುಗಳಲ್ಲಿ ಇಟ್ಟುಬಿಡಿ. ಕುಕೀಸ್ ವಿಷಯದಲ್ಲಿ ಮೇಲಿನವರ ಹಾಗೆ ಮಗುವಿಗೆ ಬಿಡಿ ಅಂತ ನಾನು ಹೇಳುವುದಿಲ್ಲ, ಬೆಣ್ಣೆ ಜಾಸ್ತಿಯಾದರೆ ಎಲ್ಲ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವಳು ಸುರಿಯಲಿ, ಮೆತ್ತಗಿನ ಬೆಣ್ಣೆಯಲ್ಲಿ ಹಿಟ್ಟನ್ನು ಬೆರಳಿನಿಂದ ಉಜ್ಜಿ ಕಲಸಲಿ. ಆಮೇಲೆ ಫ್ರಿಜ್‌ನಲ್ಲಿ ಅರ್ಧ ಗಂಟೆ. ಇದನ್ನು ಬಿಡಬೇಡಿ, ಮಕ್ಕಳ ಕೈ ಬಿಸಿಗೆ ಬೆಣ್ಣೆ ಕರಗಿರುತ್ತದೆ. ಜಾಸ್ತಿ ಹೊತ್ತು ಕೂರುವುದಿಲ್ಲ ಅಂದಿರಲ್ಲ, ಹಿಟ್ಟನ್ನು ಇವತ್ತು ಕಲಸಿಟ್ಟು ನಾಳೆ ಲಟ್ಟಿಸಿದರೂ ನಡೆಯುತ್ತದೆ. ಲಟ್ಟಿಸುವಾಗ ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟರೆ ಅಂಟುವುದಿಲ್ಲ, ಹೆಚ್ಚುವರಿ ಮೈದಾ ಉದುರಿಸುವ ರಗಳೆಯೂ ಇಲ್ಲ.

ಓವನ್ 170 ಡಿಗ್ರಿ, ಹನ್ನೆರಡು ಹದಿನೈದು ನಿಮಿಷ. ಅಂಚು ತಿಳಿ ಕಂದು ಆದ ಕೂಡಲೇ ತೆಗೆಯಿರಿ. ಆಗ ಮೆತ್ತಗಿದೆ ಅಂತ ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಓವನ್ ಕೆಲಸ ಪೂರ್ತಿ ನಿಮ್ಮದು. ಉಡುಗೊರೆಗಾದರೆ ಚೆನ್ನಾಗಿ ಆರಿಸಿ ಡಬ್ಬಿಗೆ ತುಂಬಿ, ಬಿಸಿ ಇದ್ದಾಗಲೇ ಮುಚ್ಚಿದರೆ ಮೆತ್ತಗಾಗುತ್ತವೆ. ತೆಗೆದುಕೊಳ್ಳುವವರಿಗೆ ಯಾವುದಾದರೂ ಅಲರ್ಜಿ ಇದೆಯಾ ಅಂತ ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಮೊಟ್ಟೆ ಇಲ್ಲ ಅಂದಮಾತ್ರಕ್ಕೆ ಹಸಿ ಹಿಟ್ಟು ತಿನ್ನಬಹುದು ಅಂತಲ್ಲ. ಬೇಯಿಸದ ಮೈದಾದಲ್ಲೂ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ತಿನ್ನಲು ಅವಳಿಗೆ ಬೇರೆ ಏನಾದರೂ ಬಟ್ಟಲಲ್ಲಿ ಹಾಕಿಟ್ಟು ಕೆಲಸ ಶುರು ಮಾಡಿ, ಸುಮ್ನೆ ಬೇಡ ಬೇಡ ಅನ್ನುತ್ತಿದ್ದರೆ ಯಾವ ಮಗುವೂ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ಕೈ, ಮೇಜು ಎರಡನ್ನೂ ಸೋಪು ಹಾಕಿ ತೊಳೆಯಿರಿ.

ನರ್ಸರಿ ಟೀಚರ್:
ನಿಮ್ಮ ಮಗಳ ವಯಸ್ಸಿಗೆ ನಾನು ಮೊದಲು ಕಾಗದವನ್ನೇ ಹೇಳುವುದು. ಮೂರರ ಆಸುಪಾಸಿನ ಮಕ್ಕಳು ಕತ್ತರಿಯಲ್ಲಿ ಒಂದೊಂದು ಕಚ್ಚು ಹಾಕಬಲ್ಲರು, ಗೆರೆ ಹಿಡಿದು ಉದ್ದಕ್ಕೆ ಕತ್ತರಿಸುವುದು ಬರುವುದಿಲ್ಲ. ಅದಕ್ಕೇ ಎರಡು ಮೂರು ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಗಳನ್ನು ನೀವು ಮಾಡಿಕೊಡಿ, ಅಡ್ಡಕ್ಕೆ ಒಂದೇ ಕಚ್ಚಿನಲ್ಲಿ ಅವಳು ತುಂಡು ಮಾಡಲಿ. ಗಿಡ್ಡ ತುಂಡುಗಳನ್ನು ದೊಡ್ಡ ಕಾಗದದ ಮೇಲೆ ಅಂಟಿಸಿದರೆ ಶುಭಾಶಯ ಪತ್ರ. ಉದ್ದ ಪಟ್ಟಿಗಳನ್ನು ಉಂಗುರ ಮಾಡಿ ಒಂದರೊಳಗೊಂದು ಸೇರಿಸಿದರೆ ಸರಪಳಿ. ಹಬ್ಬಕ್ಕೆ ಇನ್ನು ಎಷ್ಟು ದಿನ ಇದೆಯೋ ಅಷ್ಟು ಉಂಗುರ ಮಾಡಿ, ದಿನಕ್ಕೊಂದು ಹರಿಯಲು ಹೇಳಿ. ನಾಳೆ, ನಾಡಿದ್ದು ಅನ್ನುವುದು ಈ ವಯಸ್ಸಿಗೆ ಇನ್ನೂ ಸರಿಯಾಗಿ ಹಿಡಿತಕ್ಕೆ ಬಂದಿರುವುದಿಲ್ಲ, ಸರಪಳಿ ಗಿಡ್ಡವಾಗುವುದು ಕಣ್ಣಿಗೇ ಕಾಣುತ್ತದೆ. ಕತ್ತರಿ ಮೊಂಡು ತುದಿಯದ್ದಿರಲಿ, ಅಂಚು ಮಾತ್ರ ಹರಿತ ಇರಬೇಕು. ಕಾಗದ ಮಡಚಿಕೊಳ್ಳುವ ಕತ್ತರಿ ಕೊಟ್ಟರೆ ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ.

ಅವಳು ಅಂಟಿಸಿದ್ದನ್ನು ಅವಳು ಮಲಗಿದ ಮೇಲೆ ಕಿತ್ತು ನೇರ ಮಾಡಬೇಡಿ. ಇದನ್ನು ತುಂಬ ಜನ ಪ್ರೀತಿಯಿಂದಲೇ ಮಾಡುತ್ತಾರೆ. ಬೆಳಗ್ಗೆ ಎದ್ದು ನೋಡಿದ ಮಗುವಿಗೆ ಅದು ಗೊತ್ತಾಗುತ್ತದೆ.

ಬಾಯಿಗೆ ಹಾಕುವ ಮಗು ಅಂದರೆ ಮಣಿ, ಗುಂಡಿ, ಸಣ್ಣ ಗೆಜ್ಜೆ ಯಾವುದೂ ಬೇಡ. ಟಾಯ್ಲೆಟ್ ಪೇಪರ್ ರೋಲ್‌ನ ಕೊಳವೆಯಲ್ಲಿ ತೂರುವಂಥ ವಸ್ತು ಗಂಟಲಿಗೂ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ಅಲಂಕಾರದ ಪುಟ್ಟ ಲೈಟುಗಳಲ್ಲಿ ಬಟನ್ ಬ್ಯಾಟರಿ ಇರುತ್ತದೆ, ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಅನುಮಾನ ಬಂದರೂ ನೇರ ಆಸ್ಪತ್ರೆಗೆ ಓಡಬೇಕು.

ಪುಟಾಣಿಯ ಅಮ್ಮ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಸರಪಳಿಯಿಂದಲೇ ಶುರು ಮಾಡುತ್ತೇನೆ. ಅವಳಿಗಳ ಅಪ್ಪ, ಒಂದು ಅನುಮಾನ. ಉಪ್ಪಿನ ಹಿಟ್ಟು ನೋಡಲು ಕುಕಿ ಹಿಟ್ಟಿನ ಹಾಗೇ ಇರುತ್ತದೆ ಅಲ್ವಾ? ಇವಳು ತಿಂದರೆ? ನಾಯಿ ತಿಂದರೆ?

ಅವಳಿಗಳ ಅಪ್ಪ:
ಒಳ್ಳೆಯದಾಯಿತು ಕೇಳಿದ್ದು. ಎರಡನ್ನೂ ಒಂದೇ ದಿನ ಮಾಡಬೇಡಿ, ಅದೇ ಮೊದಲ ಎಚ್ಚರಿಕೆ. ಉಪ್ಪಿನ ಹಿಟ್ಟಿಗೆ ನೀಲಿಯೋ ಹಸಿರೋ ಬಣ್ಣ ಕಲಸಿಬಿಟ್ಟರೆ ತಿನ್ನುವ ಹಿಟ್ಟಲ್ಲ ಅಂತ ಅವಳಿಗೂ ಗೊತ್ತಾಗುತ್ತದೆ. ನೆಕ್ಕಿ ನೋಡಿದರೆ ಉಪ್ಪಿಗೆ ತಾನೇ ಉಗಿಯುತ್ತಾಳೆ. ಒಂದು ಸಣ್ಣ ಉಂಡೆಯಷ್ಟು ನುಂಗಿದರೂ ಅಪಾಯ ಆಗಬಹುದು, ಅಷ್ಟು ಉಪ್ಪು ಚಿಕ್ಕ ಮೈಗೆ ತಡೆಯುವುದಿಲ್ಲ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಆದ್ದರಿಂದ ಹಿಟ್ಟು ಮೇಜಿನ ಮೇಲಿರುವಷ್ಟು ಹೊತ್ತು ನೀವು ಪಕ್ಕದಲ್ಲೇ ಇರಬೇಕು.

ನಾಯಿ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅದು ಮಗುವಿನ ಹಾಗೆ ಉಗಿಯುವುದಿಲ್ಲ, ತಿಂದೇಬಿಡುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ವಾಂತಿ, ನಡುಕ, ಫಿಟ್ಸ್ ಬರುತ್ತದೆ, ಸಾಯಲೂಬಹುದು. ಹಸಿ ಹಿಟ್ಟು ಮಾತ್ರವಲ್ಲ, ಒಣಗಿಸಿ ಬಣ್ಣ ಹಚ್ಚಿದ್ದೂ ಅಷ್ಟೇ ಕೆಟ್ಟದ್ದು, ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ. ತಿಂದಿದೆ ಅನಿಸಿದರೆ ಲಕ್ಷಣಕ್ಕೆ ಕಾಯಬೇಡಿ, ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಒಣಗಲು ಇಡುವುದು, ತೂಗುಹಾಕುವುದು ಎರಡೂ ಅದು ಹಾರಿದರೂ ಎಟುಕದ ಎತ್ತರದಲ್ಲಿರಲಿ. ಮೇಜು, ಕುರ್ಚಿ ಎಲ್ಲವನ್ನೂ ಹತ್ತುವ ನಾಯಿಯಾದರೆ ಈ ವರ್ಷ ಉಪ್ಪಿನ ಹಿಟ್ಟು ಬಿಟ್ಟು ಟೀಚರ್ ಹೇಳಿದ ಕಾಗದದ ಕೆಲಸ, ಕುಕೀಸ್ ಇಷ್ಟೇ ಮಾಡಿ.