ಶೇಂಗಾ ಅಲರ್ಜಿಯೂ ಉಬ್ಬಸವೂ ಇರುವ ಮಗು: ರಕ್ತಪರೀಕ್ಷೆಯ ಪಟ್ಟಿಯನ್ನು ಎಷ್ಟು ನಂಬಬೇಕು, ಶಾಲೆಗೆ ಏನು ಹೇಳಬೇಕು?

ಪ್ರಶ್ನೆ: ದಾವಣಗೆರೆಯ ತಂದೆ

ನಮಸ್ಕಾರ. ನನ್ನ ಮಗನಿಗೆ ಆರು ವರ್ಷ. ಮೂರು ವರ್ಷದವನಿದ್ದಾಗಿನಿಂದ ಅವನಿಗೆ ಉಬ್ಬಸವಿದೆ. ನೆಗಡಿಯಾದಾಗ ಮತ್ತು ಮನೆಯಲ್ಲಿ ಧೂಳು ಕೊಡವಿದಾಗ ಅದು ಹೆಚ್ಚುತ್ತದೆ. ಕಳೆದ ಸಂಕ್ರಾಂತಿಯಂದು ಎಳ್ಳು-ಬೆಲ್ಲ ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿ, ಮೈಮೇಲೆಲ್ಲ ಪಿತ್ತದ ಗಂಧೆ ಎದ್ದು, ವಾಂತಿಯಾಗಿ, ಕೊನೆಗೆ ಉಸಿರಾಡುವುದೇ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಒಂದು ರಾತ್ರಿ ಇರಿಸಿಕೊಂಡು ಕಳುಹಿಸಿದರು. ಅದಕ್ಕೂ ಮೊದಲೊಮ್ಮೆ ಶೇಂಗಾ ಚಟ್ನಿ ತಿಂದಾಗ ಬಾಯಿ ತುರಿಸುತ್ತದೆ ಎಂದು ಅತ್ತಿದ್ದನು.

ಅನಂತರ ಸಂಬಂಧಿಕರ ಸಲಹೆಯಂತೆ ಒಂದು ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ಅಲರ್ಜಿಯ ದೊಡ್ಡ ಪರೀಕ್ಷೆಯನ್ನು ಮಾಡಿಸಿದೆವು. ಶೇಂಗಾ, ಎಳ್ಳು, ಗೋಧಿ, ಹಾಲು, ಕಡಲೆ, ತೊಗರಿ, ಬದನೆಕಾಯಿ, ಬಾಳೆಹಣ್ಣು ಎಲ್ಲವೂ ಪಾಸಿಟಿವ್ ಎಂದು ವರದಿ ಬಂದಿದೆ. ವಿಚಿತ್ರವೆಂದರೆ, ಸಿಗಡಿಯೂ ಆ ಪಟ್ಟಿಯಲ್ಲಿದೆ. ನಾವು ಸಸ್ಯಾಹಾರಿಗಳು, ಮಗು ಸಿಗಡಿಯನ್ನು ಕಣ್ಣಿನಿಂದಲೂ ನೋಡಿಲ್ಲ. ವರದಿ ಬಂದಂದಿನಿಂದ ನಮ್ಮ ತಾಯಿಯವರು ಅವನಿಗೆ ಅನ್ನ, ಸಾರಿನ ತಿಳಿ ಮತ್ತು ಗಂಜಿಯನ್ನು ಮಾತ್ರ ಕೊಡುತ್ತಿದ್ದಾರೆ, ಮಗು ಸೊರಗುತ್ತಿದ್ದಾನೆ. ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯದಿಂದ ಅದನ್ನೂ ಉಸಿರು ಕಟ್ಟಿದಾಗಷ್ಟೇ ಕೊಡುತ್ತಿದ್ದೇವೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಕರೆದೊಯ್ದು ಉಬ್ಬಸದ ಮೀನು ಪ್ರಸಾದ ಕೊಡಿಸಿರಿ, ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿಟ್ಟು ಕೊಡುತ್ತಾರೆ ಎಂದು ಹೇಳುವವರೂ ಇದ್ದಾರೆ. ಜೂನ್‌ನಲ್ಲಿ ಅವನು ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಸೇರುತ್ತಾನೆ, ಅಲ್ಲಿ ಬಿಸಿಯೂಟವಿದೆ. ಪಟ್ಟಿಯಲ್ಲಿರುವುದನ್ನೆಲ್ಲ ಬಿಡಿಸಬೇಕೇ? ಶಾಲೆಯವರಿಗೆ ಏನೇನು ತಿಳಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ: ಮಕ್ಕಳ ವೈದ್ಯ, ಮೈಸೂರು

ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ. ಆದರೆ ಆ ಪಟ್ಟಿಯ ಬಗ್ಗೆ ಹೇಳಬೇಕಾದುದು ಬಹಳವಿದೆ. ರಕ್ತದಲ್ಲಿ ಒಂದು ಆಹಾರಕ್ಕೆ ಸಂಬಂಧಿಸಿದ ಐಜಿಇ ಎಂಬ ಪ್ರತಿಕಾಯ ಕಂಡುಬಂದರೆ, ದೇಹವು ಆ ಆಹಾರದ ಪ್ರೋಟೀನನ್ನು ಗುರುತು ಹಿಡಿದಿದೆ ಎಂದಷ್ಟೇ ಅರ್ಥ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಇದು ನಮ್ಮ ರಾಜ್ಯದಲ್ಲಿಯೇ ಅಳೆದು ನೋಡಿದ ಸಂಗತಿ. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಬೆಂಗಳೂರು ಮತ್ತು ಮೈಸೂರಿನ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಶೇಕಡಾ 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಇತ್ತು. ಆದರೆ ಆಹಾರದ ಅಲರ್ಜಿ ನಿಜವಾಗಿಯೂ ಇರಬಹುದೆನ್ನಿಸಿದ್ದು ಶೇಕಡಾ 1.2 ಜನರಲ್ಲಿ ಮಾತ್ರ. ಹೀಗಿರುವಾಗ, ಮಗು ಏನು ತಿಂದಾಗ ಏನಾಯಿತು ಎಂದು ವಿಚಾರಿಸದೆ ಒಂದೇ ಬಾರಿಗೆ ಹತ್ತಾರು ಆಹಾರಗಳನ್ನು ಪರೀಕ್ಷಿಸಿದರೆ ಇಂಥ ಪಟ್ಟಿ ಬರುವುದು ಸಹಜವೇ. ಆ ಪರೀಕ್ಷೆಗಳನ್ನು ಯಾರು ಕೇಳಿದರೂ ಮಾಡಿಕೊಡುವ ಪದ್ಧತಿಯೇ ನನಗೆ ಒಪ್ಪಿಗೆಯಿಲ್ಲ. ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆ ಎಂದು ಮಾರುವುದಂತೂ ಅಲರ್ಜಿಯನ್ನು ಪತ್ತೆ ಮಾಡುವುದೇ ಇಲ್ಲ.

ಸಿಗಡಿಯ ವಿಚಿತ್ರಕ್ಕೂ ಕಾರಣವಿದೆ. ಹಾಸಿಗೆ ದಿಂಬುಗಳ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಲ್ಲಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದೆ. ಸಿಗಡಿಯಲ್ಲಿರುವ ಅದೇ ಹೆಸರಿನ ಪ್ರೋಟೀನ್ ಅದಕ್ಕೆ ಬಹಳ ಹೋಲುತ್ತದೆ. ಧೂಳು ಕೊಡವಿದಾಗ ಉಬ್ಬಸ ಬರುವ ಮಗುವಿನ ರಕ್ತ ಸಿಗಡಿಗೂ ಪಾಸಿಟಿವ್ ಎನ್ನುವುದು ಹೆಚ್ಚಾಗಿ ಇದರಿಂದಲೇ. ಅಂದರೆ ಆ ಸಾಲು ಬಹುಶಃ ಅವನ ಊಟಕ್ಕಿಂತ ಅವನ ಹಾಸಿಗೆಯ ವಿಷಯವನ್ನು ಹೇಳುತ್ತಿದೆ. ಕಡಲೆ, ತೊಗರಿಗಳೂ ಹೀಗೆಯೇ: ಶೇಂಗಾ ದ್ವಿದಳ ಧಾನ್ಯಗಳ ಕುಲದ್ದಾದ್ದರಿಂದ ಪರೀಕ್ಷೆಯಲ್ಲಿ ಅದರ ಜೊತೆಗೆ ಬೇಳೆಗಳೂ ಕಾಣಿಸಿಕೊಳ್ಳುತ್ತವೆ, ಆದರೆ ಶೇಂಗಾ ಆಗದ ಹೆಚ್ಚಿನ ಮಕ್ಕಳು ಬೇಳೆಯ ಸಾರನ್ನು ಯಾವ ತೊಂದರೆಯೂ ಇಲ್ಲದೆ ಉಣ್ಣುತ್ತಾರೆ.

ಸಂಕ್ರಾಂತಿಗೆ ಮೊದಲು ಅವನು ಹಾಲು, ಚಪಾತಿ, ಬೇಳೆ, ಬಾಳೆಹಣ್ಣುಗಳನ್ನು ತಿಂದು ಆರಾಮಾಗಿದ್ದನೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಹೌದಾದರೆ ಅವನ್ನು ಬಿಡಿಸಲು ಕಾರಣವಿಲ್ಲ. ತಿಂದು ರೂಢಿಯಿದ್ದ ಆಹಾರವನ್ನು ಬಹುಕಾಲ ನಿಲ್ಲಿಸಿದರೆ ಕೆಲವು ಮಕ್ಕಳಲ್ಲಿ ಅದಕ್ಕಿದ್ದ ಸಹನೆಯೇ ತಪ್ಪಿಹೋಗುವುದುಂಟು. ಆದ್ದರಿಂದ ನಿಮ್ಮ ವೈದ್ಯರನ್ನು ಈ ವಾರವೇ ಕಂಡು, ಅವರ ಸಲಹೆಯಂತೆ ಮರಳಿ ಆರಂಭಿಸಿರಿ. ಶೇಂಗಾದ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ, ಎರಡು ಬಾರಿ ತೊಂದರೆ ಕೊಟ್ಟಿದೆ. ಎಳ್ಳು ಕೂಡ ಅದೇ ಬೊಗಸೆಯಲ್ಲಿತ್ತಾದ್ದರಿಂದ ಅದನ್ನು ಅಲರ್ಜಿ ತಜ್ಞರು ಚರ್ಮದ ಚುಚ್ಚು ಪರೀಕ್ಷೆಯಿಂದಲೋ, ಬೇಕಾದರೆ ಆಸ್ಪತ್ರೆಯಲ್ಲಿ ಕಣ್ಣೆದುರಿಗೆ ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವುದರಿಂದಲೋ ಇತ್ಯರ್ಥ ಮಾಡುವವರೆಗೆ ದೂರವಿಡಿರಿ. ಈ ತಿನ್ನಿಸಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಎಂದಿಗೂ ಮಾಡಬಾರದು.

ಇನ್ನು ಉಬ್ಬಸ. ಆಹಾರದ ಅಲರ್ಜಿಯಿಂದ ಪ್ರಾಣಾಪಾಯವಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಸ್ತಮಾವೂ ಇದ್ದುದು ಹಲವು ದೇಶಗಳ ಅನುಭವ. ಹಾಗಾಗಿ ನಿಮ್ಮ ಮಗನಿಗೆ ಶೇಂಗಾವನ್ನು ತಪ್ಪಿಸುವುದು ಎಷ್ಟು ಮುಖ್ಯವೋ ಉಬ್ಬಸವನ್ನು ಹತೋಟಿಯಲ್ಲಿಡುವುದೂ ಅಷ್ಟೇ ಮುಖ್ಯ. ಇನ್ಹೇಲರ್‌ನಿಂದ ಚಟ ಹತ್ತುವುದಿಲ್ಲ. ಹಿರಿಯರಿಗೆ ಈ ಲೆಕ್ಕವನ್ನು ತೋರಿಸಿರಿ: ಸಾಲ್ಬ್ಯುಟಮಾಲ್ ಇನ್ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧವಿದೆ, ಅದೇ ಔಷಧದ ಸಿರಪ್‌ನ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರ್‌ನಲ್ಲಿ, 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು. ಚಮಚದ ಔಷಧ ಇಡೀ ಮೈಯನ್ನು ಸುತ್ತಿ ಬರುತ್ತದೆ, ಪಫ್ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಇದು ತತ್ಕಾಲಕ್ಕೆ ಉಸಿರು ಬಿಡಿಸುವ ಇನ್ಹೇಲರ್. ಪದೇ ಪದೇ ಉಬ್ಬಸ ಬರುವ ಮಗುವಿಗೆ ಬ್ಯುಡೆಸೊನೈಡ್‌ನಂಥ, ಪ್ರತಿದಿನ ತಪ್ಪದೆ ತೆಗೆದುಕೊಳ್ಳಬೇಕಾದ ತಡೆಗಟ್ಟುವ ಇನ್ಹೇಲರ್ ಬೇಕಾಗುತ್ತದೆ. ಎರಡನ್ನೂ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿಯೇ ಕೊಡಬೇಕು, ಎರಡನೆಯದರ ನಂತರ ಬಾಯಿ ಮುಕ್ಕಳಿಸಬೇಕು. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್‌ನಷ್ಟು ವ್ಯತ್ಯಾಸವಾಗಬಹುದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹತೋಟಿಯಿಲ್ಲದ ಉಬ್ಬಸದ ಅಪಾಯದ ಮುಂದೆ ಅದು ಬಹಳ ಚಿಕ್ಕದು. ಮೊಸರು, ಬಾಳೆಹಣ್ಣು ಶೀತವೆಂದು ಉಬ್ಬಸದ ಮಕ್ಕಳಿಗೆ ಸಾರಾಸಗಟಾಗಿ ನಿಷೇಧಿಸುವುದಕ್ಕೂ ಆಧಾರವಿಲ್ಲ.

ಮೀನು ಪ್ರಸಾದದ ಬಗ್ಗೆ ನನ್ನ ಆಕ್ಷೇಪ ಸರಳವಾದದ್ದು. ಅದರಲ್ಲಿ ಏನೇನಿದೆ ಎಂಬುದನ್ನು ಕೊಡುವವರು ಗುಟ್ಟಾಗಿರಿಸಿದ್ದಾರೆ. ಆಹಾರದ ಅಲರ್ಜಿಯಿರುವ ಮಗುವಿನ ಬಾಯಿಗೆ ಏನೆಂದು ತಿಳಿಯದ ಪದಾರ್ಥವನ್ನು ಹಾಕಬಾರದು.

ಉತ್ತರ: ಮೆಲ್ಬರ್ನ್‌ನಲ್ಲಿರುವ ಶಿವಮೊಗ್ಗದ ತಾಯಿ

ನನ್ನ ಮಗಳಿಗೆ ಗೋಡಂಬಿ ಆಗುವುದಿಲ್ಲ, ಉಬ್ಬಸವೂ ಇದೆ. ಇಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ತೀವ್ರ ಅಲರ್ಜಿಯ ಮಕ್ಕಳನ್ನು ಶಾಲೆಗಳು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ 2008ರಿಂದಲೇ ಕಾನೂನಿದೆ. ಪ್ರತಿ ಮಗುವಿಗೂ ವೈದ್ಯರು ಸಹಿ ಹಾಕಿದ ಒಂದು ಪುಟದ ಕ್ರಿಯಾಯೋಜನೆ ಇರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಅಲರ್ಜಿ ತಜ್ಞರ ಸಂಘವಾದ ಎಎಸ್‌ಸಿಐಎ ಅದರ ನಮೂನೆಯನ್ನು ಸಿದ್ಧಪಡಿಸಿದೆ. ಮಗುವಿನ ಫೋಟೋ, ಆಗದ ಆಹಾರ, ಸೌಮ್ಯ ಲಕ್ಷಣಗಳು, ಅಪಾಯದ ಲಕ್ಷಣಗಳು, ಆಗ ಮಾಡಬೇಕಾದ ಕೆಲಸದ ಕ್ರಮ, ಎಲ್ಲವೂ ಆ ಒಂದೇ ಪುಟದಲ್ಲಿ.

ಅದರಲ್ಲಿರುವ ಒಂದು ಸಾಲು ನಿಮ್ಮ ಮಗನಂಥ ಮಕ್ಕಳಿಗಾಗಿಯೇ ಬರೆದಂತಿದೆ. ಆಹಾರದ ಅಲರ್ಜಿ ಮತ್ತು ಅಸ್ತಮಾ ಎರಡೂ ಇರುವ ಮಗುವಿಗೆ ಹಠಾತ್ತನೆ ಉಸಿರಾಟದ ತೊಂದರೆಯಾದರೆ, ಅಂದರೆ ಉಬ್ಬಸ, ಬಿಡದ ಕೆಮ್ಮು ಅಥವಾ ಧ್ವನಿ ಒಡೆಯುವುದು ಕಂಡರೆ, ಮೈಮೇಲೆ ಒಂದೂ ದದ್ದು ಇಲ್ಲದಿದ್ದರೂ ಮೊದಲು ಅಡ್ರಿನಲಿನ್ ಚುಚ್ಚುಮದ್ದು, ಆಮೇಲೆ ಇನ್ಹೇಲರ್. ಇದು ಉಬ್ಬಸವೋ ಅಲರ್ಜಿಯೋ ಎಂದು ನಿಂತು ಯೋಚಿಸುತ್ತ ಕಾಲ ಕಳೆಯಬಾರದೆಂದೇ ಈ ಕ್ರಮ. ಮಗುವನ್ನು ಮಲಗಿಸಬೇಕು, ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು, ಎಬ್ಬಿಸಿ ನಿಲ್ಲಿಸುವುದು, ನಡೆಸಿಕೊಂಡು ಹೋಗುವುದು ಕೂಡದು. ಇಲ್ಲಿ ಅಡ್ರಿನಲಿನ್ ಒತ್ತಿದೊಡನೆ ತಾನೇ ಚುಚ್ಚುವ ಪೆನ್ನಿನ ರೂಪದಲ್ಲಿ ಸಿಗುತ್ತದೆ. ಊರಿಗೆ ಬರುವಾಗ ನಾವು ಅದನ್ನು ಕೈಚೀಲದಲ್ಲಿಯೇ ತರುತ್ತೇವೆ, ಏಕೆಂದರೆ ಅಲ್ಲಿನ ಸಾಮಾನ್ಯ ಔಷಧದಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಆದರೆ ಆ ಒಂದು ಪುಟದ ಕಾಗದಕ್ಕೆ ಏನೂ ಖರ್ಚಿಲ್ಲ. ನಿಮ್ಮ ವೈದ್ಯರಿಂದ ಕನ್ನಡದಲ್ಲಿಯೇ ಬರೆಸಿಕೊಳ್ಳಬಹುದು.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ

ಶಾಲೆಯ ಕಡೆಯಿಂದ ಕೆಲವು ಮಾತು. ದಾಖಲಾತಿಯ ದಿನದ ಗಡಿಬಿಡಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಹೋದರೆ ನೆನಪಿನಲ್ಲಿ ಉಳಿಯುವುದಿಲ್ಲ. ಬೇರೊಂದು ದಿನ ಬಂದು ಮುಖ್ಯ ಶಿಕ್ಷಕರು, ತರಗತಿಯ ಶಿಕ್ಷಕರು ಮತ್ತು ಅಡುಗೆಯವರು ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತನಾಡಿರಿ. ಅಡುಗೆಯವರನ್ನು ಬಿಟ್ಟು ಮಾಡಿದ ಮಾತುಕತೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಚಿತ್ರಾನ್ನದ ಒಗ್ಗರಣೆಗೆ ಶೇಂಗಾ ಹಾಕುವವರು ಅವರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನು ಕೊಡುವ ವ್ಯವಸ್ಥೆ ಶಾಲೆಗಳಲ್ಲಿದೆ. ಕೆಲವು ಕಾಲ ಅದರ ಬದಲಿಗೆ ಶೇಂಗಾ ಚಿಕ್ಕಿಯನ್ನೂ ಕೊಡಲಾಗಿತ್ತು. ನಿಮ್ಮದು ಮೊಟ್ಟೆ ತಿನ್ನದ ಮನೆಯಾದ್ದರಿಂದ ಅವನ ಹೆಸರಿನ ಮುಂದೆ ಬಾಳೆಹಣ್ಣು ಮಾತ್ರ ಎಂದು ಸ್ಪಷ್ಟವಾಗಿ ಬರೆಸಿರಿ.

ನನ್ನ ಅನುಭವದಲ್ಲಿ ಬಿಸಿಯೂಟಕ್ಕಿಂತ ಹೆಚ್ಚು ಎಚ್ಚರ ಬೇಕಾಗುವುದು ಹುಟ್ಟುಹಬ್ಬದ ಸಿಹಿ, ಪ್ರವಾಸ ಮತ್ತು ಮಕ್ಕಳು ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತೆಗೆದು ತಿನ್ನುವ ಸ್ನೇಹದ ವಿಷಯದಲ್ಲಿ. ಅವನನ್ನು ಬೇರೆ ಕೂರಿಸಿ ಊಟ ಹಾಕಬಾರದು. ಆರು ವರ್ಷದ ಮಕ್ಕಳು ಅದಕ್ಕೆ ಬೇರೆಯೇ ಅರ್ಥ ಕಲ್ಪಿಸಿಕೊಳ್ಳುತ್ತಾರೆ. ತರಗತಿಗೆಲ್ಲ ಸರಳವಾಗಿ ತಿಳಿಸಿದರೆ ಆ ಮಕ್ಕಳೇ ಕಾವಲಿಗೆ ನಿಲ್ಲುತ್ತಾರೆ. ಇನ್ಹೇಲರ್ ಮತ್ತು ಸ್ಪೇಸರ್ ಬೀರುವಿನಲ್ಲಿ ಬೀಗದೊಳಗೆ ಇರಬಾರದು. ತರಗತಿಯ ಶಿಕ್ಷಕರ ಕೈಗೆ ತಕ್ಷಣ ಸಿಗುವಂತಿರಬೇಕು, ಮೈದಾನಕ್ಕೂ ಜೊತೆಯಲ್ಲಿ ಹೋಗಬೇಕು. ಬಳಸುವ ವಿಧಾನವನ್ನು ನೀವೇ ಶಿಕ್ಷಕರಿಗೆ ಮಾಡಿ ತೋರಿಸಿ, ಅವರಿಂದಲೂ ಒಮ್ಮೆ ಮಾಡಿಸಿ ನೋಡಿರಿ. ಉಬ್ಬಸವಿದೆ ಎಂದು ಆಟದ ಅವಧಿಯಲ್ಲಿ ಮೂಲೆಯಲ್ಲಿ ಕೂರಿಸುವುದನ್ನೂ ನಾನು ಒಪ್ಪುವುದಿಲ್ಲ.

ಉತ್ತರ: ಹುಬ್ಬಳ್ಳಿಯ ಓದುಗರು

ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆಮನೆಯೇ ಇಲ್ಲ; ನನ್ನ ಮೊಮ್ಮಗನಿಗಾಗಿ ಅದನ್ನು ಬಿಟ್ಟವರು ನಾವು. ಒಣಚಟ್ನಿ ಪುಡಿ, ಎಣಗಾಯಿಯ ಮಸಾಲೆ, ಪುಳಿಯೋಗರೆಯ ಗೊಜ್ಜು, ಹೋಟೆಲಿನ ಬಿಳಿ ಚಟ್ನಿ, ಇವುಗಳಲ್ಲಿ ಅದು ಪುಡಿಯಾಗಿ ಅಡಗಿರುವುದರಿಂದ ನೋಡಿ ಗುರುತಿಸಲಾಗದು. ಎಣ್ಣೆಯ ವಿಷಯವನ್ನೂ ಗಮನಿಸಿರಿ: ಚೆನ್ನಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಬಹುಮಟ್ಟಿಗೆ ಉಳಿದಿರುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಗಾಣದ ಎಣ್ಣೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಇಂಥ ಮಗುವಿಗೆ ಅನ್ವಯಿಸುವುದಿಲ್ಲ.

ಪೊಟ್ಟಣದ ತಿಂಡಿಗಳ ಮೇಲೆ ಶೇಂಗಾ, ಹಾಲು, ಗೋಧಿ, ಸೋಯಾ ಮುಂತಾದವು ಇದ್ದರೆ ಅಲರ್ಜಿಯ ಎಚ್ಚರಿಕೆಯಾಗಿ ನಮೂದಿಸಲೇಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಹೇಳುತ್ತದೆ. ಆದರೆ ಆ ಕಡ್ಡಾಯ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಅದೂ ಸೇರಿದೆ. ಆದ್ದರಿಂದ ಎಳ್ಳಿನ ವಿಷಯ ಇತ್ಯರ್ಥವಾಗುವ ತನಕ ಎಚ್ಚರಿಕೆಯ ಸಾಲನ್ನಷ್ಟೇ ನೋಡದೆ ಪದಾರ್ಥಗಳ ಪೂರ್ತಿ ಪಟ್ಟಿಯನ್ನು ಓದಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸಂಕ್ರಾಂತಿಗೆ ಮೊದಲು ಹಾಲು, ಚಪಾತಿ, ಬೇಳೆ ಎಲ್ಲವನ್ನೂ ತಿನ್ನುತ್ತಿದ್ದನು, ತೊಂದರೆಯಾಗಿರಲಿಲ್ಲ. ವೈದ್ಯರಲ್ಲಿ ಇನ್ನೊಂದು ಪ್ರಶ್ನೆ: ನಮ್ಮ ಬಳಿ ಈಗ ಸೆಟಿರಿಜಿನ್ ಸಿರಪ್ ಮಾತ್ರ ಇದೆ. ಪೆನ್ನಿನ ರೂಪದ ಅಡ್ರಿನಲಿನ್ ಸಿಗದಿದ್ದರೆ ನಾವು ಏನು ಮಾಡಬೇಕು?

ಉತ್ತರ: ಮಕ್ಕಳ ವೈದ್ಯ, ಮೈಸೂರು

ಸೆಟಿರಿಜಿನ್ ತುರಿಕೆಯನ್ನೂ ಗಂಧೆಯನ್ನೂ ಕಡಿಮೆ ಮಾಡುತ್ತದೆ. ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ, ಇಳಿಯುತ್ತಿರುವ ರಕ್ತದೊತ್ತಡವನ್ನು ಎತ್ತುವುದಿಲ್ಲ. ಆ ಕೆಲಸಕ್ಕೆ ಅಡ್ರಿನಲಿನ್ ಒಂದೇ. ಒಂದು ಮಿಲಿಲೀಟರ್‌ನಲ್ಲಿ ಒಂದು ಮಿಲಿಗ್ರಾಂ ಇರುವ ಅದರ ಗಾಜಿನ ಆಂಪೂಲ್ ಅಗ್ಗವಾದದ್ದು, ಎಲ್ಲ ಆಸ್ಪತ್ರೆಗಳಲ್ಲೂ ಇರುತ್ತದೆ. ಪ್ರಮಾಣ ಪ್ರತಿ ಕಿಲೋಗ್ರಾಂ ತೂಕಕ್ಕೆ 0.01 ಮಿಲಿಗ್ರಾಂ, 20 ಕಿಲೋಗ್ರಾಂ ತೂಗುವ ಮಗುವಿಗೆ 0.2 ಮಿಲಿಲೀಟರ್. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು. ಸುಧಾರಿಸದಿದ್ದರೆ ಐದರಿಂದ ಹದಿನೈದು ನಿಮಿಷಗಳಲ್ಲಿ ಮತ್ತೊಮ್ಮೆ.

ಆಸ್ಪತ್ರೆ ದೂರವಿರುವ ಕೆಲವು ಕುಟುಂಬಗಳಿಗೆ ನಾವು ಆಂಪೂಲ್ ಮತ್ತು ಒಂದು ಮಿಲಿಲೀಟರ್ ಸಿರಿಂಜನ್ನು ಬರೆದುಕೊಟ್ಟು, ಎದುರಿಗೆ ಕೂರಿಸಿಕೊಂಡು ಕಲಿಸುತ್ತೇವೆ. ಇದನ್ನು ಓದಿ ತಾವೇ ಆರಂಭಿಸುವಂಥದ್ದಲ್ಲ. ಇನ್ಸುಲಿನ್ ಸಿರಿಂಜು ಇದಕ್ಕೆ ಆಗದು, ಅದರ ಗೆರೆಗಳ ಲೆಕ್ಕವೇ ಬೇರೆ, ಸೂಜಿಯೂ ಸ್ನಾಯುವನ್ನು ಮುಟ್ಟುವಷ್ಟು ಉದ್ದವಿಲ್ಲ. ನೀವು ಪಟ್ಟಣದೊಳಗೇ ಇರುವುದಾದರೆ, ಮನೆಗೂ ಶಾಲೆಗೂ ಹತ್ತಿರದಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಆಸ್ಪತ್ರೆ ಯಾವುದೆಂದು ಈಗಲೇ ಗುರುತಿಸಿ, ಅದರ ಹೆಸರನ್ನೂ 108 ಸಂಖ್ಯೆಯನ್ನೂ ಆ ಒಂದು ಪುಟದ ಯೋಜನೆಯಲ್ಲಿ ಬರೆಸಿರಿ. ಚೇತರಿಸಿಕೊಂಡಂತೆ ಕಂಡ ಮೇಲೂ ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಕೆಲವು ಮಕ್ಕಳಲ್ಲಿ ತೊಂದರೆ ಎರಡನೆಯ ಸಲ ಮರುಕಳಿಸುತ್ತದೆ.

ವೈದ್ಯರ ಬಳಿಗೆ ಹೋಗುವಾಗ ರಕ್ತಪರೀಕ್ಷೆಯ ವರದಿಯ ಜೊತೆಗೆ, ಸಂಕ್ರಾಂತಿಗೆ ಮೊದಲು ಅವನು ದಿನವೂ ತಿನ್ನುತ್ತಿದ್ದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿರಿ. ಸಾಧ್ಯವಾದರೆ ನಿಮ್ಮ ತಾಯಿಯವರನ್ನೂ ಕರೆದುಕೊಂಡು ಹೋಗಿರಿ. ಮಗುವಿಗೆ ಊಟ ಹಾಕುವವರು ಅವರಾದ್ದರಿಂದ ಯಾವುದನ್ನು ಮತ್ತೆ ಕೊಡಬಹುದು ಎಂಬುದನ್ನು ವೈದ್ಯರ ಬಾಯಿಂದಲೇ ಕೇಳಿದರೆ ಅವರಿಗೂ ಧೈರ್ಯ ಬರುತ್ತದೆ.