ಕಂಪ್ಯೂಟರ್ ತಾನಾಗಿಯೇ ಮರುಪ್ರಾರಂಭವಾಗುತ್ತಿದೆ: ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಪ್ರಶ್ನೆ (ಜಯನಗರ): ವಿಂಡೋಸ್ 10 ಇರುವ ನಮ್ಮ ಕಂಪ್ಯೂಟರ್ ಒಂದು ವಾರದಿಂದ ಯಾವ ಮುನ್ಸೂಚನೆಯೂ ಇಲ್ಲದೆ ಮರುಪ್ರಾರಂಭವಾಗುತ್ತಿದೆ. ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೊತ್ತೊಯ್ಯುವ ಮೊದಲು ಮನೆಯಲ್ಲೇ ಪರೀಕ್ಷಿಸುವ ಮಾರ್ಗವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಮಲ್ಲೇಶ್ವರ): ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ‘ಈವೆಂಟ್ ವ್ಯೂವರ್’ ತೆರೆದು, ಸಿಸ್ಟಮ್ ದಾಖಲೆಗಳಲ್ಲಿ ‘ಕರ್ನಲ್-ಪವರ್ 41’ ಇದೆಯೇ ನೋಡಿ, ಅದು ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ಮರುಪ್ರಾರಂಭವಾಯಿತೆಂದು ತಿಳಿಸುತ್ತದೆಯೇ ಹೊರತು, ಬಹುತೇಕ ಸಂದರ್ಭಗಳಲ್ಲಿ ಕಾರಣವನ್ನು ಹೇಳುವುದಿಲ್ಲ. ಅನಂತರ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ನಡೆಸಿದರೆ, ಯಂತ್ರ ಮರುಪ್ರಾರಂಭಗೊಂಡು ರ‍್ಯಾಮ್ (ಕಂಪ್ಯೂಟರ್‌ನ ತಾತ್ಕಾಲಿಕ ಮೆಮೊರಿ) ಅನ್ನು ಪರೀಕ್ಷಿಸುತ್ತದೆ. ತೆರೆದಿರುವ ಕಡತಗಳನ್ನು ಮೊದಲೇ ಉಳಿಸಿಕೊಳ್ಳಿ.

ಉತ್ತರ (ವಿಜಯನಗರ): ಯುಪಿಎಸ್ ಬ್ಯಾಟರಿಯನ್ನೂ ಅನುಮಾನಿಸಿ. ನಮ್ಮಲ್ಲಿ ಕರೆಂಟ್ ಕಣ್ಣು ಮಿಟುಕಿಸಿದಾಗಲೆಲ್ಲ ಇದೇ ದಾಖಲೆ ಬೀಳುತ್ತಿತ್ತು.

ಪ್ರಶ್ನೆ ಕೇಳಿದವರು: ಮೆಮೊರಿ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ, ಯುಪಿಎಸ್ ತಪ್ಪಿಸಿ ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಿದ ಮೇಲೆ ಎರಡು ದಿನಗಳಿಂದ ತೊಂದರೆಯಿಲ್ಲ.