ಮಾಗಡಿ ಕೆರಿ ಮುಟ್ಟಿದ ಮ್ಯಾಲೆ ಸ್ಯಾಟಲೈಟ್ ಮ್ಯಾಪ್ ಖಾಲಿ! ಮೂರನೇ ಸಲ ಇದು

ಕೆರಿದಂಡಿ (ಹುಬ್ಬಳ್ಳಿ):
ಸಾಕಾಗೇತ್ರಿ. ನಸುಕಿನ್ಯಾಗ ಎದ್ದು ಗದಗ ದಾಟಿ ಮಾಗಡಿ ಕೆರಿಗೆ ಹೋದ್ರ ಮ್ಯಾಪ್ ಬರೀ ಬೂದು ಚೌಕ. ನೀಲಿ ಚುಕ್ಕಿ ಮಾತ್ರ ನಡುವ ನಿಂತಿರ್ತೈತಿ. ಪದೇಪದೇ ಹೋಗೂ ಜಾಗದ ಚಿತ್ರ ಮನಿ ವೈಫೈ ಸಿಕ್ಕಾಗ, ಚಾರ್ಜಿಗೆ ಹಾಕಿದಾಗ ತಾನ ಇಳಿಸಿ ಇಡ್ತೈತಿ ಈ ಆ್ಯಪ್. ಶನಿವಾರ ರಾತ್ರಿ ಡೇಟಾ ಬಂದ್ ಮಾಡಿ ನೋಡಿದ್ದೆ, ಶೇಂಗಾ ಹೊಲದ ಬದು ಸೈತ ಕಾಣ್ತಿದ್ವು. ಪಟ್ಟೆತಲೆ ಹೆಬ್ಬಾತು ಯಾವ ಹೊಲಕ್ಕ ಮೇಯಾಕ ಇಳೀತಾವು ಅಂತ ಗುರುತು ಹಾಕಬೇಕು. ಚಳಿಗಾಲ ಮುಗದ್ರ ಅವು ಹೋಗೇ ಬಿಡ್ತಾವು.

ಟಾಸ್ಕರ್_ಕಾಕಾ (ಧಾರವಾಡ):
ಬ್ಯಾಟರಿ ಆಪ್ಟಿಮೈಸೇಶನ್. ಬ್ಯಾಟರಿ ಉಳಿಸಾಕ ಫೋನು ಆ್ಯಪ್‌ನ ಕೆಲಸ ತಡೀತೈತಿ. ಕಣ್ಣು ಮುಚ್ಚಿ ಹೇಳ್ತೀನಿ. ಆ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡ್ರಿ.

ಕೆರಿದಂಡಿ:
ಕೊಟ್ಟು ತಿಂಗಳಾತ್ರಿ ಕಾಕಾ.

ಟಾಸ್ಕರ್_ಕಾಕಾ:
ಹಂಗಾದ್ರ ಲೊಕೇಶನ್ ಪರ್ಮಿಶನ್. ಆಂಡ್ರಾಯ್ಡ್ 10 ಬಂದಾಗಿಂದ, ತೆರೆ ಮ್ಯಾಲೆ ಇಲ್ಲದಾಗ ಹಿನ್ನೆಲೆಯಾಗ ಓಡೂ ಆ್ಯಪ್‌ಗೆ ಲೊಕೇಶನ್ ನೋಡಾಕ ಬ್ಯಾರೇನ ಪರವಾನಗಿ ಬೇಕು. ಮ್ಯಾಲೆ, ಲೊಕೇಶನ್ ಆಫ್ ಇದ್ರ ವೈಫೈ ಹೆಸರೂ ಆ್ಯಪ್‌ಗೆ ಸಿಗಂಗಿಲ್ಲ, ಮನಿ ಯಾವುದು ಅಂತ ಅದಕ್ಕ ತಿಳಿಯೂದು ಹೆಂಗ? ‘ಆಲ್ ದ ಟೈಮ್’ ಕೊಟ್ಟೀರೇನು?

ಬೆಟಗೇರಿ_ಬೈಕ್:
ಜಿಪಿಎಸ್ಸೇ ಸರಿ ಹಿಡೀತಿಲ್ಲ ಅನಸ್ತದ. ನಂದರಾಗ ನಮ್ಮ ದೇಶದ್ದ ಉಪಗ್ರಹದ ದಾರಿ ತೋರ್ಸೂ ನಾವಿಕ್ ಅದ, ಎಲ್5 ಅನ್ನೂ ಇನ್ನೊಂದು ಸಿಗ್ನಲ್ ಬ್ಯಾಂಡ್ ಸುದ್ದಾ. ಕಪ್ಪತಗುಡ್ಡದ ನಡುವ ನಿಂತ್ರೂ ಜಾಗ ಬಿಡಂಗಿಲ್ಲ. ಹ್ಯಾಂಡಲ್‌ಗೆ ಬ್ಯಾರೆ ಫೋನು, ಕಿಸೆದಾಗ ಬ್ಯಾರೆ ಫೋನು, 20,000 ಎಂಎಎಚ್ ಪವರ್ ಬ್ಯಾಂಕು.

ಟಾಸ್ಕರ್_ಕಾಕಾ:
ನೀಲಿ ಚುಕ್ಕಿ ಬರಾಕತ್ತೈತಿ ಅಂತ ಅವರು ಬರದಾರಲ್ಲ, ಜಿಪಿಎಸ್ ಯಾಕ ತಂದ್ರಿ ನಡುವ?

ಬೆಟಗೇರಿ_ಬೈಕ್:
ಚುಕ್ಕಿ ಟವರ್ ಮ್ಯಾಲಿಂದನೂ ಬರ್ತದ ಕಾಕಾ. ಅಷ್ಟು ತಿಳೀದ ಹೇಳಾಕತ್ತಿಲ್ಲ ನಾ.

ಹಾವೇರಿ_ಅಕ್ಕ:
ಇಬ್ರೂ ಒಂದು ನಿಮಿಷ ತಡೀರಿ. ತಮ್ಮಾ, ಫೋನಿನ್ಯಾಗ ಖಾಲಿ ಜಾಗ ಎಷ್ಟೈತಿ? ಅಲ್ಲಿ ಹೋದ ಕೂಡಲೆ ಮೊದಲು ಏನ್ ಮಾಡ್ತಿ, ಮ್ಯಾಪ್ ತೆಗೀತಿಯೋ, ಕ್ಯಾಮೆರಾನೋ?

ಕೆರಿದಂಡಿ:
ಕ್ಯಾಮೆರಾ ಅಕ್ಕಾರ. ಹೊತ್ತು ಮೂಡೂದರಾಗ ಹಿಂಡು ಒಮ್ಮೆಲೆ ಮ್ಯಾಲೆ ಏಳ್ತೈತಿ, ಅದರ 4ಕೆ ವಿಡಿಯೋ. ಆಮ್ಯಾಲೆ ಮ್ಯಾಪ್. ಫೋನು 32 ಜಿಬಿ, ಖಾಲಿ 1.3.

ಹಾವೇರಿ_ಅಕ್ಕ:
ಇದನ್ನ ಮೊದಲ ಬರೀಬೇಕಿತ್ತು. 4ಕೆ ಅಂದ್ರ ನಿಮಿಷಕ್ಕ ಹೆಚ್ಚೂ ಕಡಿಮಿ 350 ಎಂಬಿ. ಜಾಗ ತೀರಾಕ ಬಂತಂದ್ರ ಆಂಡ್ರಾಯ್ಡ್ ಮೊದಲು ಕೈ ಹಾಕೂದು ಕ್ಯಾಶ್‌ಗೆ, ಅಂದ್ರ ಆ್ಯಪ್‌ಗಳು ತಾತ್ಕಾಲಿಕ ಇಳಿಸಿ ಇಟ್ಟ ಫೈಲಿಗೆ. ಆಂಡ್ರಾಯ್ಡ್ 8 ರಿಂದ ಒಂದೊಂದು ಆ್ಯಪ್‌ಗೂ ಕೋಟಾ ಐತಿ, ಅದನ್ನ ಮೀರಿದವರ ಕ್ಯಾಶ್ ಮೊದಲು ಹೋಗ್ತೈತಿ. ನಿನ್ನ ಆ್ಯಪ್ ಹುಬ್ಬಳ್ಳಿಯಿಂದ ಕೆರಿ ತನಕ ದಾರಿ ಉದ್ದಕ್ಕೂ ಚಿತ್ರ ಕ್ಯಾಶ್‌ದಾಗ ತುಂಬಿಕೊಂಡಿರ್ತೈತಿ. ಮ್ಯಾಪ್ ಸಣ್ಣ ಚೌಕಗಳ ಚಿತ್ರ ಕೂಡಿ ಆಗಿರ್ತೈತಿ; ಝೂಮ್ ಒಂದು ಮಟ್ಟ ಏರಿದ್ರ ಚೌಕ ನಾಕು ಪಟ್ಟು, 14 ರಿಂದ 17 ಕ್ಕ ಹೋದ್ರ 64 ಪಟ್ಟು. ಲೊಕೇಶನ್ ನೋಡಿ ಇಳಿಸೂದು ಸರಿನ ನಡದೈತಿ, ಇಟ್ಟ ಜಾಗ ತಪ್ಪೈತಿ. ಸೆಟ್ಟಿಂಗ್ಸ್ ಒಳಗ ಆ್ಯಪ್‌ನ ಸ್ಟೋರೇಜ್ ತಗದು, ವಿಡಿಯೋ ಮೊದಲು ಒಮ್ಮೆ, ಆಮ್ಯಾಲೊಮ್ಮೆ ಕ್ಯಾಶ್ ಎಷ್ಟೈತಿ ಬರಕೋ.

ಟಾಸ್ಕರ್_ಕಾಕಾ:
ಇದ್ದರೂ ಇರಬಹುದು. ಆದ್ರೂ ಪರ್ಮಿಶನ್ ನೋಡ್ರಿ. ನಂದರಾಗ ಮನಿ ವೈಫೈ, ಚಾರ್ಜರ್, ರಾತ್ರಿ 11 ಗಂಟೆ, ಮೂರೂ ಕೂಡಿದ್ರ ಅಷ್ಟ ಡೌನ್‌ಲೋಡ್ ಸುರು ಆಗೂಹಂಗ ಪ್ರೊಫೈಲ್ ಮಾಡೇನಿ.

ಕೆರಿದಂಡಿ (ರವಿವಾರ):
ಏರಿ ಮ್ಯಾಲೆ ಕುಂತು ನೋಡಿದೆ. ವಿಡಿಯೋ ಮೊದಲು ಕ್ಯಾಶ್ 870 ಎಂಬಿ. ಮೂರೂವರಿ ನಿಮಿಷ ವಿಡಿಯೋ ಮಾಡಿ ನೋಡಿದ್ರ 31. ಬೂದು ಚೌಕ. ಪರ್ಮಿಶನ್ ‘ಆಲ್ ದ ಟೈಮ್’ನ ಐತ್ರಿ ಕಾಕಾ. ಅಕ್ಕಾರ, ಭಾಳ ಉಪಕಾರ ಆತು. ಈಗೇನು, ಎಸ್‌ಡಿ ಕಾರ್ಡ್ ಹಾಕಲೋ?

ಹಾವೇರಿ_ಅಕ್ಕ:
ವಿಡಿಯೋ ಕಾರ್ಡಿಗೆ ಹೋಗಲಿ. ಕೆರಿ ಸುತ್ತಿನ ಹೊಲ ಅಷ್ಟ ಆರಿಸಿ ‘ಆಫ್‌ಲೈನ್ ಏರಿಯಾ’ ಅಂತ ಕೈಯಾರೆ ಇಳಿಸು, ಆ್ಯಪ್‌ನ್ಯಾಗ ಆ ಸೌಲಭ್ಯ ಇದ್ರ. ಹಂಗ ಉಳಿಸಿದ್ದು ಕ್ಯಾಶ್‌ದಾಗ ಕುಂಡ್ರಂಗಿಲ್ಲ, ಡೇಟಾ ಒಳಗ ಇರ್ತೈತಿ. ‘ಕ್ಲಿಯರ್ ಡೇಟಾ’ ಒತ್ತಬ್ಯಾಡ ಮತ್ತ, ಅದೂ ಹೋಗ್ತೈತಿ. ದಾರಿಗೆ ಓಸ್ಮ್ಯಾಂಡ್ ಅನ್ನೂ ಆಫ್‌ಲೈನ್ ಮ್ಯಾಪ್ ಆ್ಯಪ್‌ನ ಕರ್ನಾಟಕ ಮ್ಯಾಪ್ ಸಾಕು.

ಬೆಟಗೇರಿ_ಬೈಕ್:
ಕಾರ್ಡ್ ತಗೊಳ್ಳೂದಿದ್ರ ಯು3 ಅಥವಾ ವಿ30 ಅಂತ ವೇಗದ ಗುರುತು ಇರೂದ ತಗೋರಿ, ಇಲ್ಲಂದ್ರ 4ಕೆ ನಡುವ ಕಡೀತದ.

ನವಲಗುಂದ_01:
ನಂದು ಐಫೋನ್ ರೀ, ಕಾರ್ಡ್ ಹಾಕಾಕ ಬರಂಗಿಲ್ಲ. ಅದರಾಗೂ ಹಿಂಗ ಮ್ಯಾಪ್ ಅಳದು ಹೋಗ್ತೈತಿ. ಯಾರಾದ್ರೂ ನೋಡೀರೇನು?